ಹಿತ್ತಿಲ ಮಣ್ಣಿನಲ್ಲಿ ಇಂಗಾಲದ ಲೆಕ್ಕ

ಶಿರಸಿ ಕಡೆಯ ಹಳೆಯ ಮನೆಯೊಂದರ ಹಿತ್ತಿಲು. ಬಚ್ಚಲ ನೀರು ಹರಿಯುವ ಕಾಲುವೆಯ ಎರಡೂ ಬದಿಗೆ ಕೆಸು, ಅದರಾಚೆ ಬಾಳೆ, ಬಸಳೆ ಚಪ್ಪರ, ಬೇಲಿಯುದ್ದಕ್ಕೂ ದಾಸವಾಳ, ಮೂಲೆಯಲ್ಲೊಂದು ಹಲಸಿನ ಮರ. ಆ ಮರದ ಬುಡದ ದರಕನ್ನು ಕೈಯಿಂದ ಸರಿಸಿದರೆ ಮೊದಲು ಗರಿಗರಿ ಒಣ ಎಲೆ ಸಿಗುತ್ತದೆ. ಅದರ ಕೆಳಗೆ ನರಗಳಷ್ಟೇ ಉಳಿದು ಜಾಲರಿಯಾದ ಎಲೆ. ಇನ್ನೂ ಕೆಳಗೆ ಬಿಳಿ ಬೂಸ್ಟಿನ ಎಳೆಗಳು ಹೆಣೆದುಕೊಂಡ ಕಪ್ಪು ಪುಡಿ. ಎರಡು ಬೆರಳು ಅಗೆದರೆ ಕಾಫಿಪುಡಿಯ ಬಣ್ಣದ, ಹಿಡಿದರೆ ಉಂಡೆಯಾಗಿ ಒತ್ತಿದರೆ ಉದುರುವ ಮಣ್ಣು. ಗೇಣುದ್ದ ಇಳಿದ ಮೇಲಷ್ಟೇ ಮಲೆನಾಡಿನ ಎಂದಿನ ಕೆಂಪು ಕಾಣಿಸುತ್ತದೆ.

ಬೆಂಗಳೂರಿನ 30x40 ಸೈಟಿನಲ್ಲಿ ಇದೇ ಕೆಲಸಕ್ಕೆ ಹೊರಟರೆ ಹಾರೆ ಮೊದಲು ಇಂಟರ್‌ಲಾಕ್ ಟೈಲ್ಸಿಗೆ ತಾಗುತ್ತದೆ. ಅದನ್ನೆತ್ತಿದರೆ ಎಂ-ಸ್ಯಾಂಡ್, ಜಲ್ಲಿ, ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು. ಮಣ್ಣು ಕಾಣುವುದು ಗೇಟಿನ ಪಕ್ಕದ ಒಂದಡಿ ಅಗಲದ ಪಟ್ಟಿಯಲ್ಲಿ ಮಾತ್ರ. ಅದೂ ಟ್ರ್ಯಾಕ್ಟರಿನಲ್ಲಿ ಬಂದ ಕೆಮ್ಮಣ್ಣು.

ಗಾಳಿಯಲ್ಲಿರುವ ಇಂಗಾಲವನ್ನು ಎಳೆದು ಮರದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಕೂಡಿಡುವ ಮನೆತೋಟ ಎಂಬ ಮಾತು ಈಗ ತೋಟಗಾರಿಕೆಯ ಮಾತುಕತೆಯಲ್ಲಿ ಪದೇಪದೇ ಕೇಳಿಬರುತ್ತಿದೆ. ಮಾತು ಹೊಸದಾದರೂ ಅದರ ಹಿಂದಿನ ವಾದ ಹಳೆಯದು. ಮನೆಯಂಗಳದ ಹಸಿರು ನಿಜಕ್ಕೂ ಎಷ್ಟು ಇಂಗಾಲ ಹೊರುತ್ತದೆ, ಎಲ್ಲಿ ಹೊರುತ್ತದೆ, ಎಷ್ಟು ಕಾಲ ಹೊರುತ್ತದೆ? ಮರ ಎಣಿಸುವವರು, ಮಣ್ಣು ಅಗೆಯುವವರು, ನೆರಳು ಅಳೆಯುವವರು ಈ ಮೂರು ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಕೊಡುತ್ತಾರೆ. ಎಲ್ಲರ ಉತ್ತರದಲ್ಲೂ ಸತ್ಯವಿದೆ, ಎಲ್ಲರ ಲೆಕ್ಕದಲ್ಲೂ ಬಿಟ್ಟುಹೋದ ಒಂದು ಕಂತು ಇದೆ.

ವಿಲೋ ಗಿಡದಿಂದ ಪ್ಯಾರಿಸ್‌ವರೆಗೆ

ಈ ಕಥೆ ಒಂದು ಕುಂಡದಿಂದ ಶುರುವಾಗುತ್ತದೆ. ಬ್ರಸೆಲ್ಸಿನ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ನೀರಷ್ಟೇ ಹಾಕಿದ. ಕೊನೆಗೆ ಗಿಡ ಸುಮಾರು 169 ಪೌಂಡ್ ತೂಗಿತು, ಮಣ್ಣು ಕಳೆದುಕೊಂಡದ್ದು ಬರೀ 2 ಔನ್ಸ್. ಮರ ನೀರಿನಿಂದಲೇ ಆಗಿದೆ ಎಂದು ಆತ ತೀರ್ಮಾನಿಸಿದ. ಆತ ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ಗಿಡದ ಒಡಲಿಗೆ ಇಂಗಾಲ ಬರುವುದು ಗಾಳಿಯಿಂದ ಎಂದು ತೂಕ ಮಾಡಿ ತೋರಿಸಿದ್ದು ಜಿನೀವಾದ ನಿಕೊಲಾ ಡಿ ಸೋಸ್ಯೂರ್, 1804ರಲ್ಲಿ. ಒಣಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. ಒಂದು ಕಿಲೋ ಇಂಗಾಲ ಮರದಲ್ಲಿ ಸೇರಿತೆಂದರೆ ಗಾಳಿಯಿಂದ ಸುಮಾರು 3.67 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬಂದಿದೆ ಎಂದರ್ಥ. ಇಂದಿನ ಎಲ್ಲ ಲೆಕ್ಕಕ್ಕೂ ಈ ಎರಡು ಸಂಖ್ಯೆಗಳೇ ತಳಪಾಯ.

ಗಾಳಿಯಲ್ಲಿ ಏರುತ್ತಿರುವ ಇಂಗಾಲಕ್ಕೆ ಮರ ನೆಡುವುದೂ ಒಂದು ಉಪಾಯ ಎಂದು ಭೌತವಿಜ್ಞಾನಿ ಫ್ರೀಮನ್ ಡೈಸನ್ ಬರೆದದ್ದು 1977ರಲ್ಲಿ. 1997ರ ಕ್ಯೋಟೊ ಒಪ್ಪಂದ ಕಾಡು ಬೆಳೆಸುವುದನ್ನು ದೇಶಗಳ ಲೆಕ್ಕಪುಸ್ತಕಕ್ಕೆ ಸೇರಿಸಿತು. ಆದರೆ ಹಿತ್ತಿಲು ಆ ಪುಸ್ತಕದ ಹೊರಗೇ ಉಳಿಯಿತು, ಏಕೆಂದರೆ ಕಾಡು ಅನ್ನಿಸಿಕೊಳ್ಳಲು ಕನಿಷ್ಠ ವಿಸ್ತೀರ್ಣ ಬೇಕು. ಭಾರತದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರ್ ದಾಟಿದರಷ್ಟೇ ಅರಣ್ಯ. ಮನೆಯ ಸುತ್ತಲಿನ ಮಾವು, ಹಲಸು, ತೆಂಗುಗಳಿಗೆ ‘ಅರಣ್ಯದ ಹೊರಗಿನ ಮರಗಳು’ ಎಂಬ ಪ್ರತ್ಯೇಕ ಅಂಕಣ.

ಮನೆತೋಟವನ್ನೇ ಗಂಭೀರವಾಗಿ ಅಧ್ಯಯನಕ್ಕೆ ತಂದವರಲ್ಲಿ ಕೇರಳದ ಇಬ್ಬರ ಹೆಸರು ಮೊದಲು ಬರುತ್ತದೆ. ಒಬ್ಬರು ಕೇರಳ ಕೃಷಿ ವಿಶ್ವವಿದ್ಯಾಲಯದ ಬಿ. ಮೋಹನ್ ಕುಮಾರ್, ಇನ್ನೊಬ್ಬರು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿದ್ದ ಪಿ.ಕೆ. ರಾಮಚಂದ್ರನ್ ನಾಯರ್. ಉಷ್ಣವಲಯದ ಮನೆತೋಟಗಳ ಬಗ್ಗೆ ಅವರಿಬ್ಬರೂ ಸಂಪಾದಿಸಿದ ಗ್ರಂಥ 2006ರಲ್ಲಿ ಬಂತು. 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಫ್ರಾನ್ಸ್ ‘ಸಾವಿರಕ್ಕೆ ನಾಲ್ಕು’ ಎಂಬ ಯೋಜನೆ ಮುಂದಿಟ್ಟಿತು. ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಹೆಚ್ಚಿಸುತ್ತಾ ಹೋಗುವುದು ಅದರ ಗುರಿ. ಅಲ್ಲಿಂದೀಚೆಗೆ ಚರ್ಚೆ ಮರದ ನೆತ್ತಿಯಿಂದ ಬುಡಕ್ಕೆ ಇಳಿಯಿತು.

ಮರ ಎಣಿಸುವವರು

ಮರವನ್ನು ಅಳೆಯುವುದು ಸುಲಭ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಿ, ಮರದ ಜಾತಿ ನೋಡಿ, ಸೂತ್ರಕ್ಕೆ ಹಾಕಿದರೆ ಒಣತೂಕ ಸಿಗುತ್ತದೆ. (ತೆಂಗು, ಅಡಿಕೆಗಳಿಗೆ ಈ ಸೂತ್ರ ಒಗ್ಗದು. ಅವು ವಯಸ್ಸಾದಂತೆ ದಪ್ಪವಾಗುವುದಿಲ್ಲ, ಎತ್ತರವಾಗುತ್ತವೆ.) ಹೀಗಾಗಿ ಮನೆತೋಟದ ಇಂಗಾಲದ ಮೊದಲ ಲೆಕ್ಕಗಳೆಲ್ಲ ಮರದ ಲೆಕ್ಕಗಳೇ.

ಮೋಹನ್ ಕುಮಾರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮಧ್ಯ ಕೇರಳದ ಮನೆತೋಟಗಳಲ್ಲಿ ನೆಲದ ಮೇಲಿನ ಇಂಗಾಲವೇ ಹೆಕ್ಟೇರಿಗೆ 16ರಿಂದ 36 ಟನ್. ದೊಡ್ಡ ಹಿಡುವಳಿಗಳಿಗಿಂತ ಚಿಕ್ಕ ಹಿತ್ತಿಲುಗಳಲ್ಲಿ ಹೆಕ್ಟೇರಿನ ಲೆಕ್ಕದಲ್ಲಿ ಇಂಗಾಲ ಹೆಚ್ಚಿತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಜಾಗ ಕಡಿಮೆಯಿದ್ದವರು ತೆಂಗಿನ ಕೆಳಗೆ ಬಾಳೆ, ಬಾಳೆಯ ಕೆಳಗೆ ಅರಿಶಿನ, ಮಾವಿನ ಕಾಂಡಕ್ಕೆ ಮೆಣಸಿನ ಬಳ್ಳಿ ಎಂದು ಅಂತಸ್ತು ಅಂತಸ್ತಾಗಿ ತುಂಬುತ್ತಾರೆ.

ಇದನ್ನು ಇಂಗ್ಲೆಂಡಿನ ಲೆಸ್ಟರ್ ನಗರದ ಪಕ್ಕದಲ್ಲಿಟ್ಟು ನೋಡಬೇಕು. ಮೋಹನ್ ಕುಮಾರರ ಅಧ್ಯಯನ ಬಂದ 2011ರಲ್ಲೇ ಅಲ್ಲಿನ ಸಂಶೋಧಕರು ಇಡೀ ಊರಿನ ಗಿಡಮರಗಳಲ್ಲಿ 2,31,521 ಟನ್ ಇಂಗಾಲವಿದೆ ಎಂದು ಲೆಕ್ಕ ಹಾಕಿದರು. ಅದರಲ್ಲಿ ಶೇ 97ಕ್ಕೂ ಹೆಚ್ಚು ಪಾಲು ಮರಗಳದ್ದು. ಆದರೆ ಮನೆಗಳ ಕೈತೋಟಕ್ಕೆ ಬಂದಾಗ ಸಿಕ್ಕಿದ್ದು ಚದರ ಮೀಟರಿಗೆ 0.76 ಕಿಲೋ ಮಾತ್ರ. ಹೆಕ್ಟೇರಿಗೆ ಹೇಳುವುದಾದರೆ ಏಳೂವರೆ ಟನ್ ಆಸುಪಾಸು, ಅಂದರೆ ಕೇರಳದ ಕನಿಷ್ಠ ಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ತೋಟ ಇದೆ ಎಂದ ಮಾತ್ರಕ್ಕೆ ಇಂಗಾಲ ಇರುವುದಿಲ್ಲ. ಹುಲ್ಲು, ಹೂವಿನ ಪಾತಿ, ಕತ್ತರಿಸಿದ ಬೇಲಿಗಿಡ ಇವೆಲ್ಲ ಕಣ್ಣಿಗೆ ಹಸಿರು, ತಕ್ಕಡಿಗೆ ಹಗುರ.

ಬೆಂಗಳೂರಿಗೆ ಮರದ ಬೆಲೆ ಚೆನ್ನಾಗಿ ಗೊತ್ತು. 1898ರ ಪ್ಲೇಗಿನ ಸುಮಾರಿಗೆ ಎದ್ದ ಬಸವನಗುಡಿ, ಮಲ್ಲೇಶ್ವರಗಳ ಕಾಂಪೌಂಡುಗಳಲ್ಲಿ ತೆಂಗು, ಮಾವು, ಸಂಪಿಗೆಗೆ ಜಾಗವಿತ್ತು. ಲಾಲ್‌ಬಾಗಿನ ಹೊಣೆ ಹೊತ್ತು 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಒಂದು ಮರ ಹೂಬಿಟ್ಟು ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರ ಜೋಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಇಂದು ಬೆಂಗಳೂರಿನಲ್ಲಿ ತಬ್ಬಲಾರದಷ್ಟು ದಪ್ಪವಿರುವ ಎಷ್ಟೋ ಮರಗಳು ಆ ಕಾಲದವು. ಆಗ ನೆಟ್ಟವರಿಗೆ ಇಂಗಾಲದ ಯೋಚನೆ ಇರಲಿಲ್ಲ, ಆದರೂ ಕೆಲಸ ಆಯಿತು.

ಮರದ ಪಕ್ಷದ ಹೊಸ ತಲೆಮಾರಿಗೆ ಜಪಾನಿನ ಅಕಿರಾ ಮಿಯಾವಾಕಿ (1928-2021) ಮಾದರಿ. ಚಿಕ್ಕ ಜಾಗದಲ್ಲಿ ಸ್ಥಳೀಯ ಜಾತಿಗಳ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಪೈಪೋಟಿಗೆ ಬಿಡುವ ಪದ್ಧತಿ ಅದು. ಬೆಂಗಳೂರಿನ ಟೊಯೊಟಾ ಕಾರ್ಖಾನೆಯಲ್ಲಿ ಮಿಯಾವಾಕಿ ಕಾಡು ಬೆಳೆಸಿದಾಗ ಅಲ್ಲಿ ಎಂಜಿನಿಯರಾಗಿದ್ದ ಶುಭೇಂದು ಶರ್ಮಾ ಅದನ್ನು ಕಲಿತು, ತಮ್ಮ ಹಿತ್ತಿಲಿನಲ್ಲಿ ಪ್ರಯೋಗಿಸಿ, 2011ರಲ್ಲಿ ಅಫಾರೆಸ್ಟ್ ಸಂಸ್ಥೆ ಕಟ್ಟಿದರು. ಮೊದಲ ವರ್ಷಗಳಲ್ಲಿ ಗಿಡಗಳು ಭರದಿಂದ ಏಳುವುದು ನಿಜ. ಒತ್ತೊತ್ತಾಗಿ ನೆಟ್ಟವುಗಳಲ್ಲಿ ಎಷ್ಟು ಸಾಯುತ್ತವೆ, ಮೂವತ್ತು ವರ್ಷದ ಕೊನೆಗೆ ವಿರಳವಾಗಿ ನೆಟ್ಟ ನಾಲ್ಕು ಹಲಸಿನ ಮರಗಳಿಗಿಂತ ಆ ತುಂಡುಕಾಡಿನಲ್ಲಿ ಇಂಗಾಲ ಹೆಚ್ಚಿರುತ್ತದೆಯೇ ಎಂಬ ವಾದ ಮಾತ್ರ ನಿಂತಿಲ್ಲ.

ಎಲ್ಲ ಊರಿಗೂ ಮರವೇ ಉತ್ತರ ಅನ್ನುವುದಕ್ಕೂ ತಕರಾರಿದೆ. ಭೂಮಿಯ ಮೇಲೆ ಇನ್ನೂ ಮರ ಬೆಳೆಸಬಹುದಾದ ಜಾಗದಲ್ಲಿ 205 ಶತಕೋಟಿ ಟನ್ ಇಂಗಾಲ ಕೂಡಿಡಬಹುದು ಎಂಬ ಲೇಖನ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ಹುಲ್ಲುಗಾವಲು ವಿಜ್ಞಾನಿಗಳು ಗಟ್ಟಿಯಾಗಿ ಆಕ್ಷೇಪಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಜಯಶ್ರೀ ರತ್ನಮ್, ಮಹೇಶ್ ಶಂಕರನ್ ಮೊದಲಾದವರು ನಮ್ಮ ದೇಶದ ಎಷ್ಟೋ ‘ಹಾಳು ಕಾಡು’ಗಳು ಮೂಲತಃ ಕಾಡಲ್ಲ, ಮರ ವಿರಳವಾಗಿರುವ ಹುಲ್ಲುನಾಡು ಎಂದು ಬಹಳ ಹಿಂದೆಯೇ ಹೇಳಿದ್ದರು. ಅಂಥ ನೆಲದ ಇಂಗಾಲ ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಕೊಪ್ಪಳ, ವಿಜಯಪುರದ ಮನೆಯಂಗಳದಲ್ಲಿ ಒಂದು ಬೇವು, ಒಂದು ಹುಣಸೆ ಮಾಡುವ ಕೆಲಸವನ್ನು ಮಲೆನಾಡಿನ ಏಳು ಅಂತಸ್ತಿನ ಹಿತ್ತಿಲಿನ ನಕಲು ಮಾಡಲಾರದು. ಅದಕ್ಕೆ ಬೇಕಾದ ನೀರನ್ನು ತರುವುದೇ ದೊಡ್ಡ ಖರ್ಚಾಗುತ್ತದೆ.

ಮಣ್ಣು ಅಗೆಯುವವರು

ಜಗತ್ತಿನ ಮಣ್ಣಿನ ಮೇಲ್ಭಾಗದ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ಗಾಳಿಯಲ್ಲಿರುವುದನ್ನೂ ಗಿಡಮರಗಳಲ್ಲಿರುವುದನ್ನೂ ಕೂಡಿಸಿದರೂ ಅದಕ್ಕಿಂತ ಕಡಿಮೆಯೇ. ಈ ಒಂದು ಮಾತಿನ ಮೇಲೆ ಇಡೀ ಮಣ್ಣಿನ ಪಕ್ಷ ನಿಂತಿದೆ. 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರತನ್ ಲಾಲ್ ದಶಕಗಳಿಂದ ಹೇಳುತ್ತಿರುವುದೂ ಇದನ್ನೇ. ಉಳುಮೆ, ಸವಕಳಿ, ಬೆತ್ತಲೆ ನೆಲಗಳಿಂದ ಮಣ್ಣು ಕಳೆದುಕೊಂಡ ಇಂಗಾಲವನ್ನು ಮಣ್ಣಿಗೇ ಹಿಂತಿರುಗಿಸಬಹುದು ಎನ್ನುತ್ತಾರೆ ಅವರು.

ಕೇರಳದ ತೋಟಗಳಿಗೆ ಮತ್ತೆ ಹೋಗೋಣ. ಅಲ್ಲಿ ಒಂದು ಮೀಟರ್ ಆಳದವರೆಗೆ ಅಗೆದು ನೋಡಿದ 2009ರ ಅಧ್ಯಯನದಲ್ಲಿ ಮಣ್ಣಿನ ಇಂಗಾಲ ಹೆಕ್ಟೇರಿಗೆ 101ರಿಂದ 127 ಟನ್ ಸಿಕ್ಕಿತು. ಎಂದರೆ ನೆಲದ ಮೇಲಿನ ಮರಗಳಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಒಂದು ಎಕರೆಗಿಂತ (0.4 ಹೆಕ್ಟೇರ್) ಚಿಕ್ಕ ತೋಟಗಳಲ್ಲಿ ಸರಾಸರಿ 119 ಟನ್, ದೊಡ್ಡವುಗಳಲ್ಲಿ 108. ಲೆಸ್ಟರಿನಲ್ಲೂ ಆಮೇಲೆ ಮಣ್ಣನ್ನು ಸೇರಿಸಿ ನೋಡಿದಾಗ ನಗರದ ಸಾವಯವ ಇಂಗಾಲದಲ್ಲಿ ಶೇ 82 ಮಣ್ಣಿನಲ್ಲಿತ್ತು, ಗಿಡಮರಗಳಲ್ಲಿ ಶೇ 18. ಮರ ಮಾತ್ರ ಎಣಿಸಿದವರು ಲೆಕ್ಕದ ಐದನೆಯ ಒಂದು ಪಾಲನ್ನಷ್ಟೇ ನೋಡಿದ್ದರು.

ಮಣ್ಣಿಗೆ ಸೇರಿದ ಎಲೆ ಎಲ್ಲವೂ ಇಂಗಾಲವಾಗಿ ಉಳಿಯುವುದಿಲ್ಲ. ಹೆಚ್ಚಿನದನ್ನು ಗೆದ್ದಲು, ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ತಿಂದು ಮತ್ತೆ ಗಾಳಿಗೆ ಬಿಡುತ್ತವೆ. ಉಳಿಯುವುದು ಹೇಗೆ ಎನ್ನುವುದರ ಬಗ್ಗೆಯೇ ವಿಜ್ಞಾನ ಮನಸ್ಸು ಬದಲಿಸಿದೆ. ಕೊಳೆಯದ, ಗಟ್ಟಿಯಾದ ‘ಹ್ಯೂಮಸ್’ ಎಂಬ ವಸ್ತು ಮಣ್ಣಿನಲ್ಲಿ ಸಂಗ್ರಹವಾಗುತ್ತದೆ ಎಂದು ಹಿಂದೆ ಪಾಠ ಹೇಳುತ್ತಿದ್ದರು. ಅಂಥ ವಿಶೇಷ ವಸ್ತುವೇ ಇಲ್ಲ, ಸೂಕ್ಷ್ಮಜೀವಿಗಳು ಅರೆದ ಚೂರುಗಳು ಜೇಡಿಯ ಕಣಕ್ಕೆ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಆಕ್ಸೈಡುಗಳಿಗೆ ಅಂಟಿ ಕಾಪಾಡಲ್ಪಡುತ್ತವೆ ಎಂದು ಯೊಹಾನೆಸ್ ಲೇಮನ್ ಮತ್ತು ಮಾರ್ಕಸ್ ಕ್ಲೆಬರ್ 2015ರಲ್ಲಿ ವಾದಿಸಿದರು. ಕರಾವಳಿ ಮತ್ತು ಮಲೆನಾಡಿನ ಮುರಕಲ್ಲು ನೆಲಕ್ಕೆ ಇದು ಒಳ್ಳೆಯ ಸುದ್ದಿ, ಅಲ್ಲಿ ಕಬ್ಬಿಣದ ಆಕ್ಸೈಡಿಗೆ ಬರವಿಲ್ಲ. ನಮ್ಮ ಸೆಕೆ ಮಾತ್ರ ಕೆಟ್ಟ ಸುದ್ದಿ. ಹತ್ತು ಡಿಗ್ರಿ ಬಿಸಿ ಏರಿದರೆ ಕೊಳೆಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಿಸಿಲಿಗೆ ತೆರೆದ ಪಾತಿ ಮತ್ತು ದರಕು ಹೊದ್ದ ಪಾತಿಯ ನಡುವಿನ ವ್ಯತ್ಯಾಸ ಇಲ್ಲಿಯೇ ಇದೆ. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು ಕೊನೆಯವರೆಗೂ ನೆಲವನ್ನು ಬೆತ್ತಲೆ ಬಿಡಬೇಡಿ ಎನ್ನುತ್ತಿದ್ದುದರ ಹಿಂದೆ ಈ ರಸಾಯನಶಾಸ್ತ್ರವೂ ಇತ್ತು.

ಮನೆಯವರಿಗೆ ಇದನ್ನು ನೋಡುವ ಕಿಟಕಿ ಒಂದೇ, ಮಣ್ಣು ಪರೀಕ್ಷೆಯ ಚೀಟಿ. ಅದರಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲಿದೆ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75ಕ್ಕಿಂತ ಹೆಚ್ಚಿದ್ದರೆ ಹೆಚ್ಚು. 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ರೂಪಿಸಿದ ವಿಧಾನವನ್ನೇ ನಮ್ಮ ಪ್ರಯೋಗಾಲಯಗಳು ಈಗಲೂ ಬಳಸುತ್ತವೆ. ಅದು ಮಣ್ಣಿನ ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ, ಮುಕ್ಕಾಲು ಭಾಗ ಹಿಡಿದು ಉಳಿದದ್ದಕ್ಕೆ ತಿದ್ದುಪಡಿ ಹಚ್ಚುತ್ತದೆ. ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಈ ಸಂಖ್ಯೆ 0.5ರಿಂದ 1ಕ್ಕೆ ಏರಿತೆಂದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋ ಇಂಗಾಲ ಸೇರಿತು ಎಂದು ಎಣಿಸಬಹುದು. ಒಂದು ಕಿಲೋ ಕೇಳಲು ಚಿಕ್ಕದು, ಆದರೆ ಅದನ್ನು ಸೇರಿಸಲು ವರ್ಷಗಟ್ಟಲೆ ಹೊದಿಕೆ, ಗೊಬ್ಬರ, ಬೇರು ಬೇಕು.

ಈ ಏರಿಕೆಗೂ ಮಿತಿಯಿದೆ. 1843ರಿಂದ ಒಂದೇ ಗದ್ದೆಗೆ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದಿರುವ ಇಂಗ್ಲೆಂಡಿನ ರಾತಮ್‌ಸ್ಟೆಡ್ ಪ್ರಯೋಗದಲ್ಲಿ ಇಂಗಾಲ ಮೊದಲು ಬೇಗ ಏರಿ, ಆಮೇಲೆ ನಿಧಾನಿಸಿ, ಕೊನೆಗೆ ಬಹುತೇಕ ನಿಂತಿತು. ಅಲ್ಲಿನ ವಿಜ್ಞಾನಿಗಳೇ 2018ರಲ್ಲಿ ‘ಸಾವಿರಕ್ಕೆ ನಾಲ್ಕು’ ಗುರಿಗೆ ದೊಡ್ಡ ಅಡ್ಡಿಗಳಿವೆ ಎಂದು ಬರೆದರು. ಹಾಕಿದ ಗೊಬ್ಬರವನ್ನು ನಿಲ್ಲಿಸಿದರೆ ಗಳಿಸಿದ್ದು ಇಳಿಯತೊಡಗುತ್ತದೆ.

ಹುಲ್ಲುಹಾಸಿನ ಜಗಳ

ಲಾನ್ ಇಂಗಾಲ ಹಿಡಿಯುತ್ತದೆಯೋ ಬಿಡುತ್ತದೆಯೋ? ಅಮೆರಿಕದ ಕೊಲರಾಡೊದಲ್ಲಿ ಗಾಲ್ಫ್ ಮೈದಾನಗಳ ಹಳೆಯ ಮಣ್ಣುಪರೀಕ್ಷೆಗಳನ್ನು ಜೋಡಿಸಿ ನೋಡಿದ ಕಿಯಾನ್ ಮತ್ತು ಫೋಲೆಟ್, ಹುಲ್ಲು ಹಾಸಿದ ಮೇಲೆ ಹಲವು ದಶಕ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಒಂದು ಟನ್ ಇಂಗಾಲ ಮಣ್ಣಿಗೆ ಸೇರುತ್ತದೆ ಎಂದು 2002ರಲ್ಲಿ ತೋರಿಸಿದರು. 2010ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ನಗರದ ಪಾರ್ಕುಗಳನ್ನು ಅಳೆದ ಇನ್ನೊಂದು ತಂಡ, ಗೊಬ್ಬರ, ಯಂತ್ರ, ನೀರುಗಳಿಂದಾಗುವ ಹೊರಸೂಸುವಿಕೆ ಈ ಗಳಿಕೆಯನ್ನು ಮೀರುತ್ತದೆ ಎಂದಿತು. ಸುದ್ದಿ ಹಬ್ಬಿತು. ಅಷ್ಟರಲ್ಲಿ ಇಂಧನದ ಲೆಕ್ಕದಲ್ಲಿ ತಪ್ಪು ಕಂಡು ಅದೇ ವರ್ಷ ತಿದ್ದುಪಡಿಯೂ ಅಚ್ಚಾಯಿತು. ತಿದ್ದಿದ ಮೇಲೆ ಉಳಿದದ್ದು ಇಷ್ಟು. ಲಾನ್ ಎರಡೂ ಆಗಬಲ್ಲದು, ಅದನ್ನು ಹೇಗೆ ಸಾಕುತ್ತಾರೆ ಎಂಬುದರ ಮೇಲೆ ನಿಂತಿದೆ. ಯೂರಿಯಾ ಹೆಚ್ಚಾದರೆ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 273 ಪಟ್ಟು ಬಲಶಾಲಿ.

ಬೆಂಗಳೂರಿನ ಲಾನಿಗೆ ಇನ್ನೊಂದು ಹೊರೆಯಿದೆ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಸುಮಾರು 1.4 ಯೂನಿಟ್ ಕರೆಂಟು ಬೇಕು, ಪಂಪಿನಲ್ಲಿ ಆಗುವ ನಷ್ಟ ಬೇರೆ. ಮಾರ್ಚಿನಲ್ಲಿ ದಿನವೂ ಪೈಪು ಹಿಡಿದು ಮೆಕ್ಸಿಕನ್ ಗ್ರಾಸ್ ನೆನೆಸುವವರ ಇಂಗಾಲದ ಖಾತೆಯಲ್ಲಿ ಈ ಖರ್ಚು ಬರೆದುಕೊಳ್ಳಲೇಬೇಕು.

ಸೊಪ್ಪು ಎಲ್ಲಿಂದ ಬಂತು?

ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಬರುವ, ಅತಿ ಮುಖ್ಯವಾದ ಪ್ರಶ್ನೆ ಇದು. ಉತ್ತರ ಕನ್ನಡದಲ್ಲಿ ಅದಕ್ಕೊಂದು ಶತಮಾನ ದಾಟಿದ ಉದಾಹರಣೆಯಿದೆ. ಘಟ್ಟದ ಮೇಲಿನ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು. ಬೆಟ್ಟದ ಮರಗಳ ಹಸಿ ಸೊಪ್ಪು ಕೊಯ್ದು ಕೊಟ್ಟಿಗೆಗೆ ಹಾಕುತ್ತಾರೆ, ಬೇಸಿಗೆಯಲ್ಲಿ ದರಕು ಗುಡಿಸಿ ತರುತ್ತಾರೆ. ದನದ ಕಾಲಡಿ ತುಳಿದು, ಗಂಜಳದಲ್ಲಿ ನೆನೆದು, ಗೊಬ್ಬರಗುಂಡಿಯಲ್ಲಿ ಕಳಿತು ಅದು ತೋಟದ ಮಣ್ಣಾಗುತ್ತದೆ. ತೋಟದ ಕಪ್ಪು ಮಣ್ಣನ್ನು ಅಗೆದು ನೋಡಿದ ಯಾರಾದರೂ ಇಲ್ಲಿ ಇಂಗಾಲ ಸಮೃದ್ಧವಾಗಿದೆ ಎನ್ನಬಹುದು. ಆದರೆ ಆ ಇಂಗಾಲ ಬೆಟ್ಟದ್ದು. ವರ್ಷವರ್ಷ ಸೊಪ್ಪು ಸವರಿಸಿಕೊಂಡ ಬೆಟ್ಟದ ಮರಗಳು ಕಂಬಗಳಂತೆ ನಿಂತಿದ್ದರೆ, ದರಕಿಲ್ಲದ ಇಳಿಜಾರಿನಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗಿದ್ದರೆ, ತೋಟದ ಗಳಿಕೆ ಬೆಟ್ಟದ ಸಾಲ. ಹದವರಿತು ಕೊಯ್ದು ಬೆಟ್ಟವನ್ನು ಚೆನ್ನಾಗಿ ಇಟ್ಟುಕೊಂಡ ಮನೆಗಳೂ ಇವೆ. ಅಲ್ಲಿ ಎರಡೂ ಕಡೆ ಹಸಿರು. ಹೀಗಾಗಿ ಹಿತ್ತಿಲನ್ನು ಒಂಟಿಯಾಗಿ ಅಳೆಯುವ ಯಾವ ಲೆಕ್ಕವೂ ಪೂರ್ತಿಯಲ್ಲ.

ನಗರದಲ್ಲಿ ಬೆಟ್ಟದ ಜಾಗದಲ್ಲಿ ನರ್ಸರಿ ಇದೆ. ಕೆಮ್ಮಣ್ಣು ಯಾವುದೋ ಕೆರೆಯಂಚಿನದು, ಹೊಲದ್ದು. ಯುರೋಪಿನ ತೋಟಗಾರರು ದಶಕಗಳ ಕಾಲ ಬಳಸಿದ ಪೀಟ್ ಸಾವಿರಾರು ವರ್ಷ ಜೌಗಿನಲ್ಲಿ ಕೂಡಿಟ್ಟ ಇಂಗಾಲ. ಅದನ್ನು ಅಗೆದು ಕುಂಡಕ್ಕೆ ಹಾಕಿದೊಡನೆ ಗಾಳಿಗೆ ಸೇರತೊಡಗುತ್ತದೆ. ಆ ವಿಷಯದಲ್ಲಿ ನಮ್ಮವರು ಅದೃಷ್ಟವಂತರು. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ನಿಧಾನ ಕೊಳೆಯುತ್ತದೆ, ನೀರು ಹಿಡಿಯುತ್ತದೆ, ಬಳಸದಿದ್ದರೆ ಗುಡ್ಡೆಯಾಗಿ ಬಿದ್ದಿರುತ್ತದೆ.

ಅಡುಗೆಮನೆಯ ಕಸದಲ್ಲಿ ಈ ಲೆಕ್ಕ ಸ್ಪಷ್ಟವಾಗುತ್ತದೆ. ತರಕಾರಿ ಸಿಪ್ಪೆ ಲಾರಿ ಹತ್ತಿ ಕಸದ ಗುಡ್ಡದ ಒಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಏಳುತ್ತದೆ, ಅದು ಶಾಖ ಹಿಡಿಯುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಹಲವು ಪಟ್ಟು ಬಲಶಾಲಿ. ಬೆಂಗಳೂರಿನ ಕಸ ಹೊತ್ತ ಮಂಡೂರಿನ ಹಳ್ಳಿಗರು 2012ರಲ್ಲಿ ಸಿಡಿದೆದ್ದಾಗ ನಗರಕ್ಕೆ ಈ ಸಿಪ್ಪೆಯ ತೂಕ ಮೊದಲ ಬಾರಿ ಗೊತ್ತಾಯಿತು. 2006ರಲ್ಲೇ ಪೂನಂ ಬೀರ್ ಕಸ್ತೂರಿ ಆರಂಭಿಸಿದ ‘ಡೈಲಿ ಡಂಪ್’ನ ಅಡುಗೆಮನೆ ಕಸ ಕೊಳೆಸುವ ಮಣ್ಣಿನ ‘ಖಂಬ’ ಕುಂಡಗಳು, ಡಾ. ಬಿ.ಎನ್. ವಿಶ್ವನಾಥ್ ಬೆಂಗಳೂರಿನ ಮನೆಗಳಿಗೆ ಕಲಿಸಿದ ತಾರಸಿ ತೋಟ ಇವೆಲ್ಲ ಇಂಗಾಲ ಕೂಡಿಡುವ ಲೆಕ್ಕದಲ್ಲಿ ಚಿಕ್ಕವು. ತಾರಸಿಯ ಅರ್ಧ ಅಡಿ ಮಣ್ಣು ಎಷ್ಟು ಹಿಡಿದೀತು? ಆದರೆ ಕಸ ಗುಡ್ಡ ಸೇರದಂತೆ ತಡೆಯುವ ಕೆಲಸ ಕೂಡಿಡುವ ಕೆಲಸಕ್ಕಿಂತ ಕಡಿಮೆಯದಲ್ಲ.

ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ ಶುರುವಾದ ‘ವನಸ್ತ್ರೀ’ಯ ಹೆಣ್ಣುಮಕ್ಕಳು ಮಲೆನಾಡಿನ ಹಿತ್ತಿಲಿನ ಬೀಜ, ಗೆಡ್ಡೆ, ಬಳ್ಳಿಗಳನ್ನು ಉಳಿಸುತ್ತಿರುವುದು ಇಂಗಾಲಕ್ಕಾಗಿ ಅಲ್ಲ. ಹಿತ್ತಿಲು ಹಿತ್ತಿಲಾಗಿ ಉಳಿಯಲು ಅದರಿಂದ ಮನೆಗೆ ಊಟ ಬರಬೇಕು ಎಂಬ ತಿಳಿವಳಿಕೆ ಅವರದು. ಬಸಳೆ, ಕೆಸು, ಮರಗೆಣಸು ಕೊಡದ ಹಿತ್ತಿಲನ್ನು ಮುಂದಿನ ತಲೆಮಾರು ಕಾರು ನಿಲ್ಲಿಸಲು ಸಮ ಮಾಡಿಸುತ್ತದೆ.

ನೆರಳು ಅಳೆಯುವವರು

30x40 ಸೈಟಿನಲ್ಲಿ 300 ಚದರಡಿ ಮಣ್ಣು ಬಿಟ್ಟರು ಎಂದಿಟ್ಟುಕೊಳ್ಳೋಣ, ಅಂದರೆ 28 ಚದರ ಮೀಟರ್. ಕೇರಳದ ಒಳ್ಳೆಯ ಮನೆತೋಟದಷ್ಟೇ ಅಲ್ಲೂ ತುಂಬಿದರೆ ಮರಗಳಲ್ಲಿ 100 ಕಿಲೋ, ಮಣ್ಣಿನಲ್ಲಿ 330 ಕಿಲೋ ಇಂಗಾಲ. ಕಾರ್ಬನ್ ಡೈಆಕ್ಸೈಡಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 1.6 ಟನ್. ಒಬ್ಬ ಸರಾಸರಿ ಭಾರತೀಯನ ಹೆಸರಿಗೆ ಬರುವ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್. ಲೀಟರ್ ಪೆಟ್ರೋಲಿಗೆ 2.3 ಕಿಲೋ ಎಂದರೆ, ದಶಕಗಳ ಕಾಲ ಸಾಕಿದ ಆ ತೋಟ ಹಿಡಿದಿಟ್ಟಿದ್ದು 700 ಲೀಟರ್ ಪೆಟ್ರೋಲಿನ ಹೊಗೆಯನ್ನು. ಅದೂ ಮಣ್ಣಿನಲ್ಲಿ ಮೊದಲೇ ಏನೂ ಇರಲಿಲ್ಲ ಎಂದು ಎಣಿಸಿದರೆ.

ಈ ಸಂಖ್ಯೆ ಮುಂದಿಟ್ಟುಕೊಂಡು ಮೂರನೆಯ ಪಕ್ಷದವರು ಹೇಳುವುದೇನೆಂದರೆ, ನಗರದ ಮನೆತೋಟದ ಬೆಲೆ ಅದು ಕೂಡಿಟ್ಟದ್ದರಲ್ಲಿ ಇಲ್ಲ, ಅದು ತಪ್ಪಿಸಿದ್ದರಲ್ಲಿದೆ. ಬೆಂಗಳೂರಿನ ಬೀದಿಮರಗಳನ್ನು ಅಳೆದ ಹರಿಣಿ ನಾಗೇಂದ್ರ ಮತ್ತು ಸಂಗಡಿಗರ 2013ರ ಅಧ್ಯಯನದಲ್ಲಿ ಮರವಿರುವ ರಸ್ತೆಯಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ, ರಸ್ತೆಯ ಮೈ 27.5 ಡಿಗ್ರಿವರೆಗೆ ಕಡಿಮೆ ಇತ್ತು. ಕಲ್ಲಿದ್ದಲೇ ಹೆಚ್ಚಾಗಿರುವ ನಮ್ಮ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್. ಪಶ್ಚಿಮದ ಗೋಡೆಗೆ ನೆರಳು ಬೀಳುವಂತೆ ನಿಂತ ಒಂದು ಹೊಂಗೆ ದಿನಕ್ಕೆ ಎರಡು ಯೂನಿಟ್ ಎ.ಸಿ. ಉಳಿಸಿದರೂ ಬೇಸಿಗೆಯ ನೂರು ದಿನದಲ್ಲಿ 140 ಕಿಲೋ ಆಯಿತು. ತನ್ನ ಮೈಯಲ್ಲಿ ಅಷ್ಟನ್ನು ಸೇರಿಸಲು ಅದಕ್ಕೆ ಹಲವು ವರ್ಷ ಬೇಕು. ಇನ್ನು 50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ 30ರಿಂದ 40 ಕಿಲೋ ಹೊಗೆ. ಅಂಗಳಕ್ಕೆ ಕಾಂಕ್ರೀಟು ಹಾಕದೆ ಬಿಟ್ಟರೆ ಆ ಚೀಲಗಳ ಹೊಗೆಯೂ ಉಳಿಯಿತು, ಕೆಳಗಿನ ಮಣ್ಣೂ ಉಸಿರಾಡಿತು.

ಮಲೆನಾಡಿನ ಅರ್ಧ ಎಕರೆ ಹಿತ್ತಿಲಿಗೆ ಇದೇ ಕೇರಳದ ಸಂಖ್ಯೆ ಹಚ್ಚಿದರೆ ಚಿತ್ರ ಬೇರೆ. ಅಲ್ಲಿ 31 ಟನ್ ಇಂಗಾಲ, 115 ಟನ್ ಕಾರ್ಬನ್ ಡೈಆಕ್ಸೈಡ್. ಅಷ್ಟನ್ನು ಹೊಸದಾಗಿ ಕೂಡಿಸಲು ಒಂದು ಜನ್ಮ ಸಾಲದು. ಕಳೆಯಲು ಒಂದು ಜೆಸಿಬಿ ಮತ್ತು ಎರಡು ದಿನ ಸಾಕು. ಸಸಿ ಹಂಚುವ ಕಾರ್ಯಕ್ರಮಗಳಿಗೆ ಸಿಗುವ ಗಮನದಲ್ಲಿ ಕಾಲುಭಾಗವಾದರೂ ಇರುವ ಹಿತ್ತಿಲುಗಳಿಗೆ ಸಿಗದಿರುವುದು ಈ ಲೇಖಕನ ಮಟ್ಟಿಗೆ ಇಡೀ ಚರ್ಚೆಯ ದೊಡ್ಡ ಕೊರತೆ.

ಇದ್ದಿಲಿನ ಮಾತು

ಅಮೆಜಾನಿನಲ್ಲಿ ಹಿಂದಿನ ಜನ ಇದ್ದಿಲು ಬೆರೆಸಿ ಮಾಡಿದ ಕಪ್ಪು ಮಣ್ಣು ಶತಮಾನಗಳ ನಂತರವೂ ಇಂಗಾಲ ಹಿಡಿದುಕೊಂಡಿದೆ. ಅದರಿಂದಲೇ ಬಯೋಚಾರ್ ಎಂಬ ಉಪಾಯ ಬಂತು. ಕರಾವಳಿಯಲ್ಲಿ ಒಣ ಸೊಪ್ಪು, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಒಳಗೊಳಗೇ ಸುಟ್ಟು ಮಲ್ಲಿಗೆ, ತರಕಾರಿಗೆ ಹಾಕುವ ಸುಡುಮಣ್ಣು ಇದರ ನೆಂಟ. ಗಾಳಿ ಕಡಿಮೆ ಇದ್ದಾಗ ಇದ್ದಿಲು, ಹೆಚ್ಚಾದರೆ ಬೂದಿ. ಇದ್ದಿಲು ಉಳಿಯುತ್ತದೆ, ಬೂದಿಯಲ್ಲಿ ಇಂಗಾಲ ಬಹುತೇಕ ಇಲ್ಲ. ಹೊಗೆಯಾಡುವ ರಾಶಿಯಿಂದ ಮೀಥೇನೂ ಏಳುವುದರಿಂದ ಮನೆಮಟ್ಟದಲ್ಲಿ ಇದರ ಒಟ್ಟು ಲಾಭ ಕುಲುಮೆಯ ವಿನ್ಯಾಸದ ಮೇಲೆ ನಿಂತಿದೆ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಆಳ. ಅಂತರರಾಷ್ಟ್ರೀಯ ಲೆಕ್ಕ ಸಾಮಾನ್ಯವಾಗಿ 30 ಸೆಂಟಿಮೀಟರಿಗೆ ನಿಲ್ಲುತ್ತದೆ, ನಮ್ಮ ಮಣ್ಣುಪರೀಕ್ಷೆ ಅದರ ಅರ್ಧಕ್ಕೆ. ಹಲಸಿನ ಬೇರು ಎರಡಾಳು ಕೆಳಗೆ ಬಿಟ್ಟ ಇಂಗಾಲ ಎಷ್ಟು ಭದ್ರ, ಹೊಸ ಬೇರಿನ ಸಕ್ಕರೆ ಅಲ್ಲಿಗೆ ತಲುಪಿದಾಗ ಹಳೆಯ ಇಂಗಾಲವನ್ನು ಸೂಕ್ಷ್ಮಜೀವಿಗಳು ತಿನ್ನಲು ಶುರುಮಾಡುತ್ತವೆಯೇ ಎಂಬುದರಲ್ಲಿ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಎರಡನೆಯದು ಬಿಸಿ. ಬೇಸಿಗೆ ಉದ್ದವಾದಷ್ಟೂ ಕೊಳೆಯುವಿಕೆ ಬೆಳವಣಿಗೆಯನ್ನು ಮೀರಿಸುವ ಗಡಿ ನಮ್ಮ ನೆಲದಲ್ಲಿ ಎಲ್ಲಿದೆ? ಮುರಕಲ್ಲು ನೆಲದ ಉತ್ತರ ಕಲಬುರಗಿಯ ಎರೆ ಮಣ್ಣಿಗೆ ಹೊಂದಲಾರದು.

ಕಾನೂನಿನ ಪ್ರಶ್ನೆಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕೆನ್ನುತ್ತದೆ. ಮರ ಉಳಿಸಲು ಬಂದ ಈ ನಿಯಮ ಮುಂದೆ ಕಡಿಯಲಾಗದು ಎಂಬ ಹೆದರಿಕೆಯಿಂದ ದೊಡ್ಡ ಜಾತಿಯ ಮರ ನೆಡದಂತೆಯೂ ಮಾಡುತ್ತದೆಯೇ? ನೆಟ್ಟವನಿಗೆ ಭರವಸೆ, ನಿಂತ ಮರಕ್ಕೆ ರಕ್ಷಣೆ ಎರಡನ್ನೂ ಒಂದೇ ಕಾಯ್ದೆಯಲ್ಲಿ ಹೇಗೆ ತರುವುದು? 2023ರಲ್ಲಿ ಕೇಂದ್ರ ಸರ್ಕಾರ ತಂದ ಗ್ರೀನ್ ಕ್ರೆಡಿಟ್ ನಿಯಮಗಳು, ಇಂಗಾಲದ ವ್ಯಾಪಾರದ ಚೌಕಟ್ಟು ದೊಡ್ಡ ಲೆಕ್ಕಕ್ಕೆ ಹೊಂದುವಂಥವು. ಹತ್ತು ಗುಂಟೆ ಹಿತ್ತಿಲಿನ ಮಣ್ಣು ಅಳೆಸುವ ಖರ್ಚೇ ಅದರಿಂದ ಬರುವ ಹಣಕ್ಕಿಂತ ಹೆಚ್ಚಾದೀತು. ಸಾವಿರ ಹಿತ್ತಿಲುಗಳನ್ನು ಪಂಚಾಯ್ತಿ ಒಟ್ಟುಗೂಡಿಸಿ ಅಳೆದರೆ ಲೆಕ್ಕ ಕೂಡೀತೇ, ಹಾಗೆ ದುಡ್ಡು ಬಂದರೆ ಅದು ಗೊಬ್ಬರ ಹೊತ್ತ ಹೆಂಗಸಿನ ಕೈ ಸೇರುತ್ತದೆಯೋ ಪಹಣಿಯಲ್ಲಿ ಹೆಸರಿದ್ದವನ ಖಾತೆಗೋ ಎಂಬುದೂ ತೀರ್ಮಾನವಾಗಬೇಕಾದ ವಿಷಯ.

ಕೊನೆಯದು ಕಡಿದ ಮರದ ಲೆಕ್ಕ. ಎಂಬತ್ತು ವರ್ಷದ ಹಲಸು ಉರುಳಿ ಒಲೆ ಸೇರಿದರೆ ಅದರ ಇಂಗಾಲ ಒಂದು ಮಳೆಗಾಲದಲ್ಲಿ ಗಾಳಿಗೆ ಸೇರುತ್ತದೆ. ಅದೇ ಮರ ಬಾಗಿಲುವಾಡವಾಗಿ, ಕಂಬವಾಗಿ ಇನ್ನೊಂದು ನೂರು ವರ್ಷ ನಿಂತರೆ? ಹಳೆಯ ಮನೆ ಕೆಡವಿದಾಗ ಆ ತೊಲೆಗಳು ಗುಜರಿಯಿಂದ ಹೋಟೆಲಿನ ಅಲಂಕಾರಕ್ಕೆ ಹೋದರೆ ಯಾರ ಖಾತೆಗೆ ಬರೆಯುವುದು? ನೆಲದ ಮೇಲೆ ನಿಂತ ಮರವನ್ನು ಮಾತ್ರ ನೋಡುವ ಸಮೀಕ್ಷೆಗೆ ಈ ಬಾಗಿಲುವಾಡಗಳು ಇನ್ನೂ ಕಂಡಿಲ್ಲ.